ಮೇಲಿನ ಗೀರು

ಶಿವಮೊಗ್ಗ
೮ ಮಾರ್ಚ್ ೧೯೩೯

ಕರಿಯಣ್ಣ,

ನಿನ್ನಿಂದ ಇಂಥ ಉಪಚಾರ ನಾನು ನಿರೀಕ್ಷಿಸಿರಲಿಲ್ಲ ಮಾರಾಯ. ಮೊನ್ನೆ ಭಾನುವಾರ ಮಲವಗೊಪ್ಪದಲ್ಲಿ ಸೈಕಲ್ಲನ್ನು ನನಗೆ ಒಪ್ಪಿಸಿದೆಯಲ್ಲ, ಎಂದಿನಂತೆ ಸ್ಪ್ಯಾನರ್ ತೆಗೆದು ಸೀಟು ಎತ್ತರಿಸೋಣವೆಂದು ಬಗ್ಗಿದರೆ ಅದು ಆಗಲೇ ಮೇಲಿನ ಗೀರಿಗೆ ಸರಿಯಾಗಿ ಕೂತಿದೆ. ಐದು ವರ್ಷದಲ್ಲಿ ಇದು ಮೊದಲ ಸಲ.

ಇಬ್ಬರೂ ಸೇರಿ ಈ ಹಳೇ ಸೈಕಲ್ಲು ಕೊಂಡಾಗ ಬೀಟೆಮರದ ಅಳತೆಕೋಲು ಮಾಡಿ, ಎರಡು ಗೀರು ಕೊರೆದು, ಅದರ ಕಂಬಿಗೆ ಕಟ್ಟಿದವನು ನೀನು. 'ಮೇಲಿಂದು ಒಂಟೆಗೆ, ಕೆಳಗಿಂದು ಮನುಷ್ಯರಿಗೆ' ಎಂದು ನಕ್ಕವನೂ ನೀನೇ. ಒಂದು ತಿಂಗಳು ನನಗೆ, ಒಂದು ತಿಂಗಳು ನಿನಗೆ. ತಿಂಗಳ ಮೊದಲ ಭಾನುವಾರ ಮಲವಗೊಪ್ಪದ ಹೊರೆಗಲ್ಲಿನ ಹತ್ತಿರ, ತಲೆಹೊರೆ ಹೊತ್ತವರು ಹೊರೆ ಇಳಿಸುವ ಕಡೆ, ನಾವು ಸೈಕಲ್ಲು ಇಳಿಸಬೇಕು. ತೆಗೆದುಕೊಂಡವನು ತನ್ನ ಗೀರಿಗೆ ತಾನೇ ಸೀಟು ಹೊಂದಿಸಿಕೊಳ್ಳಬೇಕು, ಕೊಟ್ಟವನು ನಡೆದು ಮನೆ ಸೇರಬೇಕು. ಈ ಕಾನೂನೆಲ್ಲ ಮಾಡಿದವನೇ ಅದನ್ನು ಮುರಿದರೆ ಹೇಗೆ?

ಇರಲಿ, ಸಂತೋಷವೇ ಆಯಿತು. ಆದರೆ ನಿನ್ನ ಮುಖ ಇಳಿದಿತ್ತು. ಫೆಬ್ರವರಿಯಲ್ಲಿ ಜ್ವರ ಬಂದು ಹೋಯಿತು ಅಂದೆ, ಅಷ್ಟೇ. ನಾನು ಬಂದಾಗಲೂ ನೀನು ಕಲ್ಲಿಗೆ ಒರಗಿ ಕೂತಿದ್ದೆ, ಹೊರಟಾಗಲೂ ಏಳಲಿಲ್ಲ. ನನಗೆ ಮಲವಗೊಪ್ಪ ಮೂರೂವರೆ ಮೈಲಿ, ನಿನಗೆ ಎಂಟು. ಮಧ್ಯದ ಜಾಗ ಹುಡುಕೋಣ ಎಂದರೆ ನಿನ್ನ ಹೆಂಡತಿ ಪುಷ್ಪಮ್ಮ ತೀರಿಹೋದ ಮೇಲೆ ನೀನು ಕೇಳಲೇ ಇಲ್ಲ. 'ಬೇಗ ಹೋಗಿ ಆ ಮನೇಲಿ ಏನು ಮಾಡ್ಲಿ' ಅಂದೆ. ಈಗಲಾದರೂ ಯೋಚನೆ ಮಾಡು.

ಉತ್ತರ ಬರೆ. ನೀನು ಫೆಬ್ರವರಿಯಲ್ಲಿ ಎಲ್ಲಿಗೆ ಹೋಗಿದ್ದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಮುಗಿಸಬೇಡ.

ಎತ್ತರದ ಸೀಟಿನ ಮೇಲೆ ಆರಾಮಾಗಿರುವ,
ಷಡಕ್ಷರಿ


ಭದ್ರಾವತಿ
೧೬ ಮಾರ್ಚ್ ೧೯೩೯

ಷಡಕ್ಷರಿ,

ಸೀಟಿನ ವಿಷಯ ದೊಡ್ಡದು ಮಾಡಬೇಡ. ನಿನಗೆ ಮೊಣಕಾಲು ನೋವು. ಬಗ್ಗಿ ಬೋಲ್ಟು ತಿರುಗಿಸುವುದು ಬೇಡವೆಂದು ನಾನೇ ಎತ್ತರಿಸಿ ತಂದೆ. ಇನ್ನು ಮುಂದೂ ಹಾಗೇ ತರುತ್ತೇನೆ.

ಜ್ವರ ಹೋಗಿದೆ. ಕಾರ್ಖಾನೆಯಲ್ಲಿ ನನ್ನದು ಮರದ ಅಚ್ಚು ಮಾಡುವ ಕೆಲಸ, ಕೂತು ಮಾಡುವಂಥದ್ದು. ತೊಂದರೆ ಇಲ್ಲ.

ಫೆಬ್ರವರಿ ಕೊನೆಗೆ ಲಕ್ಕವಳ್ಳಿ ಕಡೆ ಹೋಗಿದ್ದೆ. ಹೊಳೆಯ ನಡುವೆ ಮಂಚದಷ್ಟು ಅಗಲದ ಒಂದು ಬಂಡೆ ಇದೆ. ಮೊಣಕಾಲುದ್ದ ನೀರು ದಾಟಿದರೆ ಅಲ್ಲಿಗೆ ಹೋಗಬಹುದು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ್ದಾಯಿತು. ಬುತ್ತಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಬ್ಬರಿಗೆ ಆಗುವಷ್ಟಿತ್ತು. ಕಾಲು ನೀರಿಗೆ ಬಿಟ್ಟರೆ ಸಣ್ಣ ಮೀನು ಬಂದು ಬೆರಳು ಕಚ್ಚುತ್ತವೆ, ಕಚಗುಳಿ ತಡೆಯಲಾಗುವುದಿಲ್ಲ. ನಗು ಬಂದುಬಿಡುತ್ತದೆ. ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದದ್ದಾಯಿತು.

ನಾಲ್ಕು ಸಾಲಿಗಿಂತ ಹೆಚ್ಚು ಬರೆದಿದ್ದೇನೆ. ಜಾಗ ಬದಲಾಯಿಸುವುದು ಬೇಡ, ಮಲವಗೊಪ್ಪವೇ ಇರಲಿ.

ಕೆಳಗಿನ ಗೀರಿನವ,
ಕರಿಯಣ್ಣ


ಶಿವಮೊಗ್ಗ
೩೦ ಮಾರ್ಚ್ ೧೯೩೯

ಕರಿಯಣ್ಣ,

ನಿನ್ನ ಬಂಡೆಯ ಮೇಲೆ ನಾನೂ ಒಂದು ಗಳಿಗೆ ಕೂತು ಬಂದಂತಾಯಿತು. ನೀನು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಯಿತು ಹೇಳು. ಮೀನುಗಳಿಗಾದರೂ ಆ ಭಾಗ್ಯ ಸಿಕ್ಕಿತಲ್ಲ.

ನನ್ನ ತಿಂಗಳ ಕಥೆ ಕೇಳು. ಕಳೆದ ವಾರದ ಹಿಂದಿನ ಭಾನುವಾರ ತುಂಗೆಯ ದಂಡೆ ಹಿಡಿದು ಸಕ್ರೆಬೈಲಿನ ತನಕ ಹೋದೆ. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಒಂದು ಹಿಡಿ ಕಾಯಿತುರಿ. ಕಾಡು ಶುರುವಾಗುವ ಕಡೆ ರಸ್ತೆಗೆ ಅಡ್ಡ ಒಂದು ಆನೆ, ಮರದ ದಿಮ್ಮಿಗೆ ಸರಪಳಿ ಹಾಕಿ ಎಳೆಯುತ್ತಿತ್ತು. ನಾನು ಇಳಿದು ನಿಂತೆ. ಮಾವುತ ಮೇಲಿಂದಲೇ, 'ಗಂಟೆ ಹೊಡೀಬೇಡಿ ಮೇಷ್ಟ್ರೇ, ಅದಕ್ಕೆ ಆಗಿಬರಲ್ಲ' ಅಂದ. ನಾನು ಮೇಷ್ಟರು ಎಂದು ಅವನಿಗೆ ಹೇಗೆ ಗೊತ್ತಾಯಿತೋ. ಬಹುಶಃ ಆನೆಗೂ ಬುದ್ಧಿ ಹೇಳುವವನಂತೆ ನಿಂತಿದ್ದೆನೇನೋ. ಅರ್ಧ ಗಂಟೆ ನಿಲ್ಲಿಸಿ ಕೊನೆಗೆ ಸರಿದು ದಾರಿ ಕೊಟ್ಟಿತು. ಹತ್ತಿರ ಹಾದುಹೋಗುವಾಗ ಅದರ ಉಸಿರು ನನ್ನ ಕತ್ತಿಗೆ ತಾಗಿತು.

ಮನೆಗೆ ಬಂದಾಗ ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುವ ಹಾಗಿತ್ತು. ಅಣ್ಣ ಅಂಗಡಿಯವರ ಜೊತೆ ಮಾತಿನಲ್ಲಿದ್ದ. ಅತ್ತಿಗೆ, 'ಊಟ ಆಯ್ತೇನಪ್ಪ?' ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದರು. ಅವರದೇನೂ ತಪ್ಪಿಲ್ಲ. ಹನ್ನೊಂದು ಜನರ ಮನೆಯಲ್ಲಿ ಮದುವೆಯಾಗದ ಮೈದುನ ಒಂದು ಕಂಬ ಇದ್ದ ಹಾಗೆ, ಸುತ್ತಿಕೊಂಡು ಓಡಾಡುತ್ತಾರೆ. ಆ ಆನೆಯನ್ನು ಹನ್ನೊಂದು ದಿನ ಒಳಗೇ ಇಟ್ಟುಕೊಂಡು ಈಗ ನಿನಗೆ ಹೇಳುತ್ತಿದ್ದೇನೆ.

ಭಾನುವಾರ ಸಿಗೋಣ. ಸೈಕಲ್ಲು ತೊಳೆದಿದ್ದೇನೆ.

ಆನೆ ನೋಡಿದ,
ಷಡಕ್ಷರಿ


ಶಿವಮೊಗ್ಗ
೧೨ ಏಪ್ರಿಲ್ ೧೯೩೯

ಕರಿಯಣ್ಣ,

ಒಂದೇ ವಿಷಯ ಕೇಳಲು ಬರೆಯುತ್ತಿದ್ದೇನೆ. ಗಂಟೆ ಕೆಟ್ಟಿದೆಯೇ?

ಸೈಕಲ್ಲು ಹತ್ತಿ ಹೊರಟವನು ತಿರುವಿನಲ್ಲಿ ಮೂರು ಸಲ ಗಂಟೆ ಹೊಡೆಯುವುದು ಮೊದಲಿನಿಂದ ಬಂದದ್ದು. ಬೇರೆ ದಾರಿಯಲ್ಲಿ ನಡೆದು ಹೋಗುವವನಿಗೆ ಅದೇ ಕೊನೆಯ ಮಾತು. ಈ ಸಲ ನೀನು, 'ನೀ ಹೋಗಿರು, ನಾ ಸ್ವಲ್ಪ ನೆರಳಲ್ಲಿ ಕೂತು ಹತ್ತಿಕೊಂಡು ಹೋಗ್ತೀನಿ' ಅಂದೆ. ನಾನು ನಡೆಯುತ್ತ ಕಿವಿ ಅತ್ತಲೇ ಇಟ್ಟಿದ್ದೆ. ಊರಿನ ಮನೆಗಳು ಕಾಣುವವರೆಗೂ ಏನೂ ಕೇಳಲಿಲ್ಲ. ಸಣ್ಣ ವಿಷಯ, ನಿಜ. ಆದರೆ ಆ ದಿನ ದಾರಿ ಯಾಕೋ ಉದ್ದವಾಯಿತು.

ಷಡಕ್ಷರಿ


ಭದ್ರಾವತಿ
೩ ಮೇ ೧೯೩೯

ಷಡಕ್ಷರಿ,

ಗಂಟೆಯ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟಿದ್ದೇನೆ.

ಏಪ್ರಿಲಿನಲ್ಲಿ ಕೂಡ್ಲಿಗೆ ಹೋಗಿದ್ದಾಯಿತು. ತುಂಗೆ ಭದ್ರೆ ಕೂಡುವ ಜಾಗದಲ್ಲಿ ಮೆಟ್ಟಿಲ ಮೇಲೆ ಕೂತರೆ ಎರಡೂ ಹೊಳೆ ಬೇರೆ ಬೇರೆ ಕಾಣುತ್ತವೆ. ಭದ್ರೆ ಕೆಂಪಗೆ ತುಂಬಿ ಬರುತ್ತಿತ್ತು, ತುಂಗೆ ಅಷ್ಟು ಕೆಂಪಿಲ್ಲ. ಒಂದಷ್ಟು ದೂರ ಸೇರದೆ ಪಕ್ಕಪಕ್ಕದಲ್ಲೇ ಹೋಗಿ, ಆಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ದಾರಿಯಲ್ಲಿ ಪೊಲೀಸಿನವನು ನಿಲ್ಲಿಸಿ ಗದರಿದ. ಬಿಟ್ಟುಬಿಟ್ಟ.

ಭಾನುವಾರ ಬರುತ್ತೇನೆ. ಬೇಗ ಬಂದು ಕೂತಿರುತ್ತೇನೆ, ಅವಸರ ಮಾಡಬೇಡ.

ಕರಿಯಣ್ಣ


ಶಿವಮೊಗ್ಗ
೧೪ ಮೇ ೧೯೩೯

ಕರಿಯಣ್ಣ,

ಏಪ್ರಿಲ್ ತಿಂಗಳಲ್ಲಿ ಭದ್ರೆ ಕೆಂಪಗೆ ತುಂಬಿ ಹರಿಯಿತೇ? ನನ್ನ ತರಗತಿಯಲ್ಲಿ ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ಬೇಸಿಗೆಯಲ್ಲಿ ಆ ಹೊಳೆಯಲ್ಲಿ ಎಮ್ಮೆಯ ಬೆನ್ನು ನೆನೆಯುವಷ್ಟು ನೀರಿದ್ದರೆ ಹೆಚ್ಚು. ಮತ್ತೆ ಆ ಪೊಲೀಸಿನವನು ಒಬ್ಬನೇ ಹೋಗುವವನನ್ನು ಯಾಕೆ ಗದರಿದ? ಇಬ್ಬರು ಕೂತು ಹೋದರೆ ತಾನೇ ಅವರು ಹಿಡಿಯುವುದು. ನಿನಗೆ ವಯಸ್ಸಾಯಿತು ಮಾರಾಯ, ಯಾವ ತಿಂಗಳಲ್ಲಿ ಎಲ್ಲಿಗೆ ಹೋದೆ ಎಂಬುದೇ ಮರೆಯುತ್ತಿದೆ.

ಮೊನ್ನೆಯೂ ಸೀಟು ಮೇಲಿನ ಗೀರಿನಲ್ಲೇ ಇತ್ತು. ನನ್ನ ಮೊಣಕಾಲಿನ ಮೇಲೆ ಇಷ್ಟು ಕಾಳಜಿ ಇನ್ನಾರಿಗೂ ಇಲ್ಲ. ತಮಾಷೆಗೆ ಹೇಳುತ್ತಿಲ್ಲ.

ಷಡಕ್ಷರಿ


ಶಿವಮೊಗ್ಗ
೨೧ ಆಗಸ್ಟ್ ೧೯೩೯

ಕರಿಯಣ್ಣ,

ಮೂರು ಕಾಗದಕ್ಕೆ ನಿನ್ನಿಂದ ಒಂದೇ ಕಾರ್ಡು ಬಂತು, ಅದರಲ್ಲೂ 'ಕ್ಷೇಮ' ಎಂಬ ಮಾತು ಬಿಟ್ಟರೆ ಬೇರೆ ಇಲ್ಲ. ಹೋಗಲಿ. ಈಗ ನಿನ್ನ ಹತ್ತಿರ ಒಂದು ಕೇಳುವುದಿದೆ. ಐದು ವರ್ಷದಲ್ಲಿ ನಾನು ಏನೂ ಕೇಳಿದವನಲ್ಲ.

ದಸರಾ ರಜ ಈ ವರ್ಷ ಅಕ್ಟೋಬರಿನಲ್ಲಿ ಬರುತ್ತದೆ. ಸೈಕಲ್ಲಿನ ಮೇಲೆ ಜೋಗಕ್ಕೆ ಹೋಗಿಬರಬೇಕು ಎಂದುಕೊಂಡಿದ್ದೇನೆ. ಸುಮಾರು ಅರವತ್ತೈದು ಮೈಲಿ. ಹೋಗಲು ಎರಡು ದಿನ, ಬರಲು ಎರಡು ದಿನ, ನೋಡಲು ಒಂದು ದಿನ. ಆನಂದಪುರದಲ್ಲಿ ನಮ್ಮ ಶಾಲೆಯ ಶಂಕರನಾರಾಯಣ ಮೇಷ್ಟರ ಅಕ್ಕನ ಮನೆ ಇದೆ, ಜಗಲಿಯ ಮೇಲೆ ಮಲಗಬಹುದು. ಬೇಸಿಗೆ ರಜದಲ್ಲಿ ಹೋದರೆ ಅಲ್ಲಿ ಬರೀ ಬಂಡೆ. ಮಳೆ ನಿಂತ ಕೂಡಲೇ ಹೋಗಬೇಕು. ನನಗೆ ನಲವತ್ತೇಳು, ಈ ಮೊಣಕಾಲು ಇನ್ನೆಷ್ಟು ವರ್ಷ ನನ್ನ ಮಾತು ಕೇಳುತ್ತದೋ ಗೊತ್ತಿಲ್ಲ.

ಅಕ್ಟೋಬರ್ ನಿನ್ನ ತಿಂಗಳು. ಅದೊಂದನ್ನು ನನಗೆ ಬಿಟ್ಟುಕೊಡು. ಬದಲಿಗೆ ನವೆಂಬರ್, ಡಿಸೆಂಬರ್ ಎರಡೂ ನೀನೇ ಇಟ್ಟುಕೋ. ಆಗ ಅಕ್ಟೋಬರ್ ಒಂದರಂದು ನೀನು ಮಲವಗೊಪ್ಪಕ್ಕೆ ಬರುವ ಕಷ್ಟವೂ ಇಲ್ಲ.

ಬೇಡವೆನ್ನಲಾರೆ ಎಂಬ ಧೈರ್ಯದಲ್ಲಿ,
ಷಡಕ್ಷರಿ


ಭದ್ರಾವತಿ
೨೯ ಆಗಸ್ಟ್ ೧೯೩೯

ಷಡಕ್ಷರಿ,

ಆಗುವುದಿಲ್ಲ. ಅಕ್ಟೋಬರಿನಲ್ಲಿ ನನಗೆ ಸೈಕಲ್ಲು ಬೇಕು. ಉಂಬ್ಳೆಬೈಲಿನ ಕಡೆ ಹೋಗುವುದಿದೆ. ಕೇಳಬೇಡ.

ಒಂದನೇ ತಾರೀಖು ಬಂದು ಕೂತಿರುತ್ತೇನೆ. ಸೈಕಲ್ಲು ತಾ.

ಕರಿಯಣ್ಣ


ಶಿವಮೊಗ್ಗ
೧೪ ನವೆಂಬರ್ ೧೯೩೯

ಕರಿಯಣ್ಣನವರಿಗೆ,

ನಮ್ಮ ಶಾಲೆಯ ಜವಾನ ಮೂರ್ತಪ್ಪನ ತಂಗಿ ಪದ್ಮಮ್ಮ ನಿಮ್ಮ ಕ್ವಾರ್ಟರ್ಸಿನಲ್ಲೇ, ನಿನ್ನ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿರುವುದು ನನಗೆ ಗೊತ್ತಿರಲಿಲ್ಲ. ದೀಪಾವಳಿಗೆ ತವರಿಗೆ ಬಂದಿದ್ದಳು. ನಿನ್ನ ವಿಷಯ ಕೇಳಿ, ಉಂಬ್ಳೆಬೈಲಿಗೆ ಹೋಗಿ ಬಂದರೇ ಅಂದೆ. ಅವಳು ನಕ್ಕಳು. 'ಅಯ್ಯೋ ಮೇಷ್ಟ್ರೇ, ಆ ಸೈಕಲ್ಲು ಅವ್ರು ಒಂದಿನಾನೂ ಹತ್ತಿದ್ದು ನಾ ಕಾಣೆ. ಈ ವರ್ಷ ಪೂರ್ತಿ ಗೋಡೆಗೆ ಒರಗಿಸಿ ಇಟ್ಟಿರ್ತಾರೆ. ದಿನಾ ಒರೆಸ್ತಾರೆ, ಅಷ್ಟೇ' ಅಂದಳು.

ಆಮೇಲೆ ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿದೆ. ಲಕ್ಕವಳ್ಳಿಯ ಬಂಡೆ, ಬೆರಳು ಕಚ್ಚುವ ಮೀನು, ಏಪ್ರಿಲಿನಲ್ಲಿ ಕೆಂಪಾದ ಹೊಳೆ. ಎಲ್ಲ ಸುಳ್ಳು. ನೀನು ಎಲ್ಲಿಗೂ ಹೋಗಿಲ್ಲ. ಸೀಟು ಮೇಲಿನ ಗೀರಿನಲ್ಲಿ ಇದ್ದದ್ದು ನನ್ನ ಮೊಣಕಾಲಿಗಾಗಿ ಅಲ್ಲ. ನಾನು ಬಿಟ್ಟಲ್ಲೇ ಅದು ಇತ್ತು, ನೀನು ಇಳಿಸಿಯೇ ಇರಲಿಲ್ಲ. ಅದಕ್ಕೆ ನಾನು ನಿನಗೆ ಉಪಕಾರ ಬೇರೆ ಹೇಳಿದೆ.

ನೀನು ಸವಾರಿ ಮಾಡದಿದ್ದರೆ ಬೇಡ, ಅದು ನಿನ್ನಿಷ್ಟ. ಆದರೆ ಗೋಡೆಗೆ ಒರಗಿಸಿ ಇಡಲು ಬೇಕಿದ್ದ ಸೈಕಲ್ಲನ್ನು ನಾನು ಐದು ದಿನಕ್ಕೆ ಕೇಳಿದರೆ ಆಗುವುದಿಲ್ಲ ಅಂದೆಯಲ್ಲ. ಆ ರಜವೆಲ್ಲ ನಾನು ಮಾಳಿಗೆಯ ಮೇಲೆ ಕೂತು ಕಳೆದೆ. ಯುದ್ಧ ಶುರುವಾಗಿದೆ, ಮುಂದೆ ಟೈರು ಸಿಗುವುದಿಲ್ಲ ಎನ್ನುತ್ತಾರೆ. ಜೋಗ ನನ್ನ ಕೈತಪ್ಪಿತು ಅಂತಲೇ ಇಟ್ಟುಕೋ. ನನಗೆ ಹೊಟ್ಟೆ ಉರಿಯುತ್ತಿರುವುದು ಜೋಗಕ್ಕಲ್ಲ. ನನ್ನ ಆನೆಯನ್ನು ನಾನು ನಿಜವಾಗಿ ನೋಡಿ ನಿನಗೆ ಬರೆದೆ. ನೀನು ನನಗೆ ಏನು ಬರೆದೆ?

ಡಿಸೆಂಬರ್ ಮೂರರಂದು ನಾನು ಮಲವಗೊಪ್ಪಕ್ಕೆ ಬರುವುದಿಲ್ಲ. ಸೈಕಲ್ಲಿನಲ್ಲಿ ನಿನಗೂ ಅರ್ಧ ಪಾಲಿದೆ. ಬೇಕಾದರೆ ಮನೆಗೆ ಬಂದು ತೆಗೆದುಕೊಂಡು ಹೋಗು. ನಾನು ಇಲ್ಲದಿದ್ದರೂ ಅತ್ತಿಗೆ ಕೊಡುತ್ತಾರೆ.

ಷಡಕ್ಷರಪ್ಪ


ಭದ್ರಾವತಿ
೨೦ ಡಿಸೆಂಬರ್ ೧೯೩೯

ಷಡಕ್ಷರಿ,

ಬೈದದ್ದು ಸರಿಯಾಗಿದೆ. ಆದರೂ ಮೂರನೇ ತಾರೀಖು ನಾನು ಬಂದಿದ್ದೆ. ಕೋಪದಲ್ಲಿ ಬರೆದಿದ್ದೀಯ, ಬೆಳಿಗ್ಗೆ ಎದ್ದಾಗ ಮನಸ್ಸು ತಿರುಗಿ ಬಂದರೂ ಬರಬಹುದು ಎಂದುಕೊಂಡೆ. ಹತ್ತೂವರೆಗೆ ಮೋಟಾರು ಬಸ್ಸಿನಿಂದ ಇಳಿದು ಹೊರೆಗಲ್ಲಿಗೆ ಒರಗಿ ಕೂತೆ.

ನಾನು ಸೈಕಲ್ಲು ಹತ್ತಿ ಹತ್ತು ತಿಂಗಳಾಯಿತು. ಫೆಬ್ರವರಿಯ ಜ್ವರ ಹೋಗುವಾಗ ನನ್ನ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಅದಾದ ಮೇಲೆ ನಿಂತರೆ ನೆಲ ಓಲಾಡುತ್ತದೆ. ಕಿವಿಯ ಒಳಗೆ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವಂಥದ್ದೇನೋ ಇದೆಯಂತೆ, ಅದು ಕೆಟ್ಟಿದೆ, ರಿಪೇರಿ ಇಲ್ಲ ಎಂದು ಡಾಕ್ಟರು ಹೇಳಿದರು. ಮೊದಲ ವಾರ ಎರಡು ಸಲ ಹತ್ತಿ ನೋಡಿದೆ, ಎರಡು ಸಲವೂ ಬಿದ್ದೆ. ಮೂರನೆಯ ಸಲ ಹತ್ತಲಿಲ್ಲ.

ಆದರೆ ಹಿಡಿದುಕೊಂಡರೆ ನಡೆಯಬಲ್ಲೆ. ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಸೀಟಿನ ಮೇಲೆ. ಕೆಳಗಿನ ಗೀರಿಗೆ ಇಳಿಸಿದರೆ ಸೀಟು ಕೈಗೆ ಎಟುಕುವುದಿಲ್ಲ, ಬಗ್ಗಬೇಕು, ಬಗ್ಗಿದರೆ ತಲೆ ಸುತ್ತುತ್ತದೆ. ಮೇಲಿನ ಗೀರು ನನ್ನ ಅಂಗೈಗೆ ಸರಿಯಾಗಿದೆ. ನಿನ್ನ ಎತ್ತರಕ್ಕೆ ಕೊರೆದದ್ದು ನನಗೆ ಆಸರೆಯಾಯಿತು. ಅದಕ್ಕೇ ಇಳಿಸಲಿಲ್ಲ. ಮೊಣಕಾಲಿನ ಮಾತು ಸುಳ್ಳು.

ಕೋಲು ಹಿಡಿಯಬಾರದೇ ಎನ್ನುತ್ತೀಯ. ನಲವತ್ತಾರಕ್ಕೆ ಕೋಲು ಹಿಡಿದರೆ ಕಾರ್ಖಾನೆಯಲ್ಲೂ ಕೇಳುತ್ತಾರೆ, ಬೀದಿಯಲ್ಲೂ ಕೇಳುತ್ತಾರೆ. ಸೈಕಲ್ಲು ತಳ್ಳಿಕೊಂಡು ಹೋಗುವವನನ್ನು ಯಾರೂ ಏನೂ ಕೇಳುವುದಿಲ್ಲ. ಪಂಕ್ಚರ್ ಆಗಿರಬೇಕು ಎಂದುಕೊಳ್ಳುತ್ತಾರೆ. ನನ್ನ ತಿಂಗಳಲ್ಲಿ ಪದ್ಮಮ್ಮ ಏಳುವ ಮೊದಲು ಅದನ್ನು ಹಿಡಿದು ಹೊಳೆಯವರೆಗೆ ಹೋಗಿ ಬರುತ್ತಿದ್ದೆ. ನಿನ್ನ ತಿಂಗಳಲ್ಲಿ ಎಲ್ಲಿಗೂ ಇಲ್ಲ. ಕೆಲಸಕ್ಕೆ ಹೋಗುವಾಗ ಜೊತೆಯ ಮಂಜಪ್ಪನ ಹೆಗಲ ಮೇಲೆ ಕೈ ಹಾಕಿರುತ್ತೇನೆ. ಸಲಿಗೆ ಎಂದು ಜನ ತಿಳಿದಿದ್ದಾರೆ. ಅಕ್ಟೋಬರ್ ಬಿಟ್ಟುಕೊಟ್ಟರೆ ಸೆಪ್ಟೆಂಬರ್ ಶುರುವಿನಿಂದ ನವೆಂಬರಿನ ತನಕ ಹೊಳೆ ಇಲ್ಲ. ನಿನ್ನ ಮುಖವೂ ಇಲ್ಲ. ಮಲವಗೊಪ್ಪಕ್ಕೆ ಬರುವ ಕಷ್ಟ ಇರುವುದಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿ ಹೆದರಿಕೆಯಾಯಿತು.

ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ಒಳ್ಳೆಯವನು, 'ಪಾಪ, ನೀನು ಅಲ್ಲಿಯ ತನಕ ಬರಬೇಡ' ಎನ್ನುತ್ತಿದ್ದೆ. ಸೈಕಲ್ಲು ನಿನ್ನ ಮನೆಯಲ್ಲಿ ಉಳಿಯುತ್ತಿತ್ತು. ಕೊಡುವುದು ತೆಗೆದುಕೊಳ್ಳುವುದು ಇಲ್ಲದ ಮೇಲೆ ಇಬ್ಬರು ಗಂಡಸರು ತಿಂಗಳಿಗೊಮ್ಮೆ ರಸ್ತೆಯ ಪಕ್ಕ ಕೂರಲು ಏನು ಕಾರಣ ಇರುತ್ತದೆ? ಪುಷ್ಪಮ್ಮ ಹೋದ ಮೇಲೆ ನನ್ನ ಹತ್ತಿರ ಕೆಲಸದ ಮಾತಲ್ಲದೆ ಬೇರೆ ಮಾತಾಡುವವನು ನೀನೊಬ್ಬನೇ. ಅದೂ ವರ್ಷಕ್ಕೆ ಹನ್ನೆರಡು ಸಲ. ಅದನ್ನು ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಕಾಗದದಲ್ಲಿ ಬರೆದ ಊರುಗಳು ಸುಳ್ಳಲ್ಲ. ವರ್ಷ ಮಾತ್ರ ಸುಳ್ಳು. ಲಕ್ಕವಳ್ಳಿಯ ಬಂಡೆಯ ಮೇಲೆ ಪುಷ್ಪಮ್ಮ ಇದ್ದಳು. ಮೀನು ಕಚ್ಚಿದ್ದು ಅವಳ ಬೆರಳನ್ನು, ನಕ್ಕವಳೂ ಅವಳೇ. ಕೂಡ್ಲಿಗೆ ಹೋದದ್ದು ಮಳೆಗಾಲದಲ್ಲಿ, ಅವಳನ್ನು ಹಿಂದೆ ಕೂರಿಸಿಕೊಂಡು, ಅದಕ್ಕೇ ಪೊಲೀಸಿನವನು ಗದರಿದ್ದು. ಬರೆಯುವಾಗ ಅವಳನ್ನು ಬಿಟ್ಟು ಬರೆದೆ. ಅದು ನಿನಗೆ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ.

ಮೂರನೇ ತಾರೀಖು ಸಂಜೆ ಭದ್ರಾವತಿಗೆ ಹೋಗುವ ಕಡೇ ಮೋಟಾರು, ಈ ವರ್ಷ ನಿನಗೆ ಸೈಕಲ್ಲು ಕೊಟ್ಟ ದಿನಗಳಲ್ಲಿ ನಾನು ಹತ್ತುತ್ತಿದ್ದದ್ದು, ನನ್ನ ಮುಂದೆಯೇ ಹಾದುಹೋಯಿತು. ಕೈ ಎತ್ತಲಿಲ್ಲ. ನೀನು ತಡವಾಗಿ ಬಂದು, ನಾನಿಲ್ಲದಿದ್ದರೆ ಎಂದು. ಆಮೇಲೆ ಎದ್ದೆ. ಸಾಲುಮರ ಇದ್ದದ್ದು ಒಳ್ಳೆಯದಾಯಿತು. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಿ ಹಿಡಿದುಕೊಳ್ಳುವುದು, ಉಸಿರು ತೆಗೆದುಕೊಳ್ಳುವುದು. ಹೀಗೆ ಅರವತ್ತೆರಡು ಮರ ಆದ ಮೇಲೆ ಒಂದು ಸೌದೆ ಗಾಡಿ ಸಿಕ್ಕಿತು. ಗಾಡಿಯವನು ಕುಡಿದಿದ್ದೇನೆ ಎಂದುಕೊಂಡು ಬೈದ, ಆದರೂ ಹತ್ತಿಸಿಕೊಂಡ.

ಸೈಕಲ್ಲು ಇನ್ನು ನೀನೇ ಇಟ್ಟುಕೋ. ಮುಂದಿನ ದಸರೆಗೆ ಜೋಗಕ್ಕೆ ಹೋಗಿ ಬಾ. ಹೋಗಿ ಬಂದು ಬರೆ. ನಾನು ನಂಬುತ್ತೇನೆ.

ಕರಿಯಣ್ಣ


ಶಿವಮೊಗ್ಗ
೨ ಜನವರಿ ೧೯೪೦

ಕರಿಯಣ್ಣ,

ಹತ್ತು ದಿನ ನಿನ್ನ ಕಾಗದ ಜೇಬಿನಲ್ಲೇ ಇತ್ತು. ಬರೆದದ್ದೆಲ್ಲ ಮೇಷ್ಟರ ಮಾತಿನಂತೆ ಕೇಳಿಸಿ ಹರಿದು ಹಾಕಿದೆ.

ಆ ಭಾನುವಾರ ನಾನು ಮನೆಯಲ್ಲಿರಲಿಲ್ಲ. ಸೈಕಲ್ಲು ಹತ್ತಿ ನಿನ್ನ ಕಡೆಗೇ ಹೊರಟಿದ್ದೆ. ಊರು ದಾಟುವಾಗ ನಿನ್ನ 'ಕೇಳಬೇಡ' ಎಂಬ ಮಾತು ಮತ್ತೆ ಕಿವಿಗೆ ಬಂತು. ಅಲ್ಲಿಂದ ತಿರುಗಿಸಿ ಸವಳಂಗ ರಸ್ತೆ ಹಿಡಿದು ಕೆರೆ ಏರಿಯ ಮೇಲೆ ಸಂಜೆಯವರೆಗೆ ಕೂತೆ. ನೀನು ಅಲ್ಲಿ, ನಾನು ಇಲ್ಲಿ. ಅರವತ್ತೆರಡು ಮರ ಎಂದು ಬರೆದಿದ್ದೀಯ. ಶಾಲೆಗೆ ಹೋಗುವ ದಾರಿಯಲ್ಲಿ ನಾನು ಈಗ ಮರ ಎಣಿಸುತ್ತೇನೆ. ಆ ಲೆಕ್ಕ ತಲೆಯಿಂದ ಹೋಗುತ್ತಿಲ್ಲ. ನನ್ನದು ತಪ್ಪಾಯಿತು ಕರಿಯಣ್ಣ.

ನಿನ್ನೆ ಹಿತ್ತಲಿನಲ್ಲಿ ಒಂದು ಕೆಲಸ ಮಾಡಿದೆ. ಕಣ್ಣು ಮುಚ್ಚಿ ನಿಂತಲ್ಲೇ ಇಪ್ಪತ್ತು ಸುತ್ತು ತಿರುಗಿ, ನಡೆಯಲು ನೋಡಿದೆ. ನಾಲ್ಕು ಹೆಜ್ಜೆಗೆ ದಾಸವಾಳದ ಗಿಡದ ಮೇಲೆ ಬಿದ್ದೆ. ಮತ್ತೆ ತಿರುಗಿ, ಈ ಸಲ ಸೈಕಲ್ಲು ಹಿಡಿದುಕೊಂಡೆ. ಸೀಟು ನನ್ನ ಗೀರಿನಲ್ಲೇ ಇತ್ತು. ಬಾವಿಯವರೆಗೆ ಹೋಗಿ ಬಂದೆ. ಅತ್ತಿಗೆ ಅಣ್ಣನನ್ನು ಕರೆದು ತೋರಿಸಿದರು. ಅಣ್ಣ, 'ಏನೋ ಇದು?' ಅಂದ. ಹೇಳಿದೆ. ಆನೆಯಿಂದ ಹಿಡಿದು ಅರವತ್ತೆರಡು ಮರದವರೆಗೆ ಎಲ್ಲ ಹೇಳಿದೆ. ಇಬ್ಬರೂ ಕೂತು ಕೇಳಿದರು. ಈ ಮನೆಯಲ್ಲಿ ನಾನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಏಳನೇ ತಾರೀಖು ಭಾನುವಾರ. ಮಲವಗೊಪ್ಪಕ್ಕೆ ಬರಬೇಡ. ನಿನ್ನ ಬಾಗಿಲಿಗೆ ನಾನೇ ಬರುತ್ತೇನೆ, ಸೈಕಲ್ಲು ತಳ್ಳಿಕೊಂಡು. ಹನ್ನೊಂದೂವರೆ ಮೈಲಿ ಅದನ್ನು ಹಿಡಿದು ನಡೆಯುವುದು ಹೇಗಿರುತ್ತದೆ ಎಂದು ನಾನೂ ತಿಳಿಯಬೇಕು. ಹೊಳೆಗೆ ಹೋಗೋಣ. ನಿನ್ನ ಬಲಗಿವಿಯ ಕಡೆ ನಾನಿರುತ್ತೇನೆ. ಪುಷ್ಪಮ್ಮನನ್ನು ಸೇರಿಸಿ ಆ ಎರಡು ಕಥೆಯನ್ನೂ ಮೊದಲಿನಿಂದ ಹೇಳು.

ಜೋಗ ಎಲ್ಲಿಗೂ ಓಡಿಹೋಗುವುದಿಲ್ಲ. ದಿನಕ್ಕೆ ಎಂಟು ಮೈಲಿಯಂತೆ ತಳ್ಳಿಕೊಂಡು ಹೋದರೂ ಎಂಟೊಂಬತ್ತು ದಿನ, ಬರುವಾಗ ಮೋಟಾರು ಹತ್ತಿದರಾಯಿತು. ದಸರಾ ರಜ ಅದಕ್ಕಿಂತ ಉದ್ದವಿದೆ. ನಿನಗೆ ರಜ ಸಿಗುತ್ತದೆಯೇ ಎಂದು ಈಗಲೇ ಕೇಳಿಡು.

ಮೇಲಿನ ಗೀರಿನವ,
ಷಡಕ್ಷರಿ


ಭದ್ರಾವತಿ
೮ ಜನವರಿ ೧೯೪೦

ಷಡಕ್ಷರಿ,

ನಿನ್ನೆ ನೀನು ಬಿಸಿಲಲ್ಲಿ ಬಂದು ಬಿಸಿಲಲ್ಲೇ ಹೊರಟೆ. ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳಬೇಕಿತ್ತು. ಸೈಕಲ್ಲು ಇನ್ನು ನನ್ನ ಹತ್ತಿರವೇ ಇರಲಿ ಎಂದು ನೀನು ಅಂದಾಗ ನಾನು ಬೇಡ ಎಂದೆ. ಎರಡನೇ ಸಲ ಎನ್ನಲಿಲ್ಲ.

ನೀನು ಬರಿಗೈಯಲ್ಲಿ ನಡೆದು ಹೊರಟದ್ದನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ತಿರುವಿನಲ್ಲಿ ನೀನು ಮರೆಯಾದ ಮೇಲೆ ಗಂಟೆ ಕೇಳಿಸಿತು. ಒಂದು. ಎರಡು. ಮೂರು. ಬಲಗಿವಿಯಲ್ಲಿ ಚೆನ್ನಾಗಿ ಕೇಳಿಸಿತು. ಯಾರದೋ ಸೈಕಲ್ಲು ಎಂದುಕೊಂಡೆ. ಪದ್ಮಮ್ಮ ತಿರುವಿನ ಕಡೆಯಿಂದ ಬಂದು, 'ಏನ್ರೀ ಇದು, ನಿಮ್ಮ ಮೇಷ್ಟ್ರು ಕೈಯಲ್ಲಿ ಗಂಟೆ ಹಿಡ್ಕೊಂಡು ಹೊಡ್ಕೊಂಡು ಹೋಗ್ತಿದ್ದಾರೆ, ಜನ ಎಲ್ಲ ನೋಡ್ತಿದಾರೆ' ಅಂದಳು. ಒಳಗೆ ಬಂದು ನೋಡಿದರೆ ಹ್ಯಾಂಡಲಿನ ಮೇಲೆ ಗಂಟೆ ಇಲ್ಲ. ಬಿಚ್ಚಿದ ಜಾಗದಲ್ಲಿ ಒಂದು ಬಿಳಿಯ ಗುರುತು ಮಾತ್ರ ಇದೆ.

ಅರ್ಧ ಪಾಲು ನನ್ನದೂ ಇದೆ, ನೆನಪಿರಲಿ. ಗಂಟೆ ಒಂದು ತಿಂಗಳು ನಿನಗೆ, ಒಂದು ತಿಂಗಳು ನನಗೆ. ಫೆಬ್ರವರಿ ನಾಲ್ಕು ಮೊದಲ ಭಾನುವಾರ. ನೀನು ತಂದುಕೊಡಬೇಕು.

ಇವತ್ತು ಬೆಳಿಗ್ಗೆ ಸೈಕಲ್ಲು ಹಿಡಿದು ಹೊಳೆಯವರೆಗೆ ಹೋಗಿ ಬಂದೆ. ಪದ್ಮಮ್ಮ ಎದ್ದ ಮೇಲೆಯೇ ಹೋದೆ. ಸೇತುವೆಯ ಹತ್ತಿರ ತಿರುವು ಬಂದಾಗ ನನ್ನ ಹೆಬ್ಬೆರಳು ತಾನಾಗಿ ಗಂಟೆ ಹುಡುಕಿತು.

ಕರಿಯಣ್ಣ